ಗಿಡ್ಡಯ್ಯನ ಅಳತೆ ಹಗ್ಗ

ಹೆಸರು ಗಿಡ್ಡಯ್ಯ, ಆಳು ಆರಡಿ. ಹಿರೇಕೊಡಿಗೆಯ ನಲವತ್ತು ಬಾವಿಗಳ ಆಳ ಅವನಿಗೆ ಬಾಯಿಪಾಠ. ಮಳೆನೀರು ನೆಲಕ್ಕೆ ಇಳಿಯಲೆಂದು ಇಂಗುಗುಂಡಿ ತೋಡಿಸಿದ ಸಂಸ್ಥೆಯವರು ಅವನ ಕೈಗೆ ಗಂಟು ಹಾಕಿದ ಹಗ್ಗವೊಂದನ್ನು ಕೊಟ್ಟು, ಬಾವಿಗಳ ನೀರು ಅಳೆಯಲು ಇಟ್ಟುಕೊಂಡಿದ್ದರು. ಐವತ್ತು ದಾಟಿದ ಮೇಲೆ ಸಿಕ್ಕ ಮೊದಲ ಕಾಯಂ ಕೆಲಸ ಅದು.

೨೦೦೪ರ ಏಪ್ರಿಲಿನಲ್ಲಿ ಶಾಲೆಯಲ್ಲಿ ಸಭೆ ಸೇರಿತು. ಬಾಳಗಡಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಮಹಿಮಾ ಮೇಡಂ ಬೋರ್ಡಿನ ಮುಂದೆ ನಿಂತರು. "ಗುಂಡಿಯಿಂದ ಏನೂ ಉಪಯೋಗ ಆಗ್ಲಿಲ್ಲ ಅಂತ್ಲೇ ಮೊದ್ಲು ಇಟ್ಕೊಳ್ಳೋಣ. ಹಾಗಿದ್ರೆ ಗುಂಡಿ ಇರೋ ಇಪ್ಪತ್ತು ಬಾವಿಗೂ ಇಲ್ಲದ ಇಪ್ಪತ್ತಕ್ಕೂ ನೀರಲ್ಲಿ ಎರಡಡಿ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರೋದು ನೂರರಲ್ಲಿ ಒಂದು ಸಲವೂ ಕಷ್ಟ. ಹಾಗಾಗಿ ಗುಂಡಿಯಿಂದ್ಲೇ ನೀರು ಏರಿದೆ ಅನ್ನೋ ಸಂಸ್ಥೆಯವರ ಮಾತು ನಂಬಬಹುದು."

ಚಪ್ಪಾಳೆ ಬಿತ್ತು. ಬಾವಿಯಲ್ಲೇ ನೀರು ಏರಿರುವಾಗ ಮೇಲಿನ ಕೇರಿಗೆ ನಲ್ಲಿ ಬೇಡವೆಂದು ಪಂಚಾಯಿತಿಗೆ ಬರೆಯುತ್ತೇವೆ ಎಂದ ಸಂಸ್ಥೆಯ ಅಧಿಕಾರಿ. ಗಿಡ್ಡಯ್ಯ ಹೆದರಿದ. ಮಗಳು ಕಾವ್ಯಳನ್ನು ಕೊಟ್ಟದ್ದು ಮೇಲಿನ ಕೇರಿಗೇ. ಏಳು ತಿಂಗಳ ಬಸುರಿ, ದಿನಕ್ಕೆ ಆರು ಕೊಡ ಹೊತ್ತು ಗುಡ್ಡ ಹತ್ತುತ್ತಾಳೆ.

ಹೆದರಿಕೆಯ ಬೇರು ಇನ್ನೂ ಆಳದಲ್ಲಿತ್ತು. ಗುಂಡಿ ತೋಡಿಸಿಕೊಂಡವರು ಒಕ್ಕಲು ಮನೆಯವರು. ಅಲ್ಲಿ ಅವನು ಬೆಳಗಾಗುವ ಹೊತ್ತಿಗೇ, ಯಾರೂ ಕೊಡ ಇಳಿಸುವ ಮೊದಲೇ ಅಳೆಯುತ್ತಿದ್ದ. ಬೇಡವೆಂದವರು ಭಟ್ಟರ ಮನೆಗಳವರು. ಅಲ್ಲಿ ಮಡಿನೀರು ಸೇದಿ, ಪೂಜೆ, ಅಡುಗೆ ಎಲ್ಲ ಮುಗಿಯುವ ತನಕ ಹೊರಗಿನ ಹಗ್ಗ ಬಾವಿಗೆ ಇಳಿಯುವ ಹಾಗಿಲ್ಲ. ಅವನ ಸರದಿ ಬರುವಾಗ ಮಧ್ಯಾಹ್ನ, ನೀರು ತಳದ ಹತ್ತಿರ. ಹೊತ್ತು ಯಾವುದೆಂದು ಯಾರೂ ಕೇಳಿರಲಿಲ್ಲ, ಅಳತೆ ಬರೆಯುವ ಪುಸ್ತಕದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಪಾಪ, ಏನೂ ಕದ್ದವನಲ್ಲ, ಆದರೂ ಕಳ್ಳನ ಹಾಗೆ ಬೆವರಿದ.

ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಊರೆಲ್ಲ ಬೈಯುತ್ತದೆ. ಅಷ್ಟು ಗೊತ್ತಿದ್ದೂ ಬಸ್ಸಿಗೆ ಕಾಯುತ್ತಿದ್ದ ಮೇಡಂ ಹತ್ತಿರ ಹೋದ.

"ಮೇಡಂ, ನನ್ನಿಂದ ತಪ್ಪಾಗಿದೆ," ಎಂದು ಎಲ್ಲ ಹೇಳಿಬಿಟ್ಟ.

ಮೇಡಂ ಮುಖ ಬಿಳಿಚಿಕೊಂಡಿತು. "ತಪ್ಪು ನಂದು ಗಿಡ್ಡಯ್ಯ. ನಾನು ಕೇಳ್ಬೇಕಿತ್ತು," ಎಂದರು. ಬಸ್ಸು ಬಂದು ಹೋಯಿತು, ಅವರು ಹತ್ತಲಿಲ್ಲ.

ಎಂಟು ದಿನ, ದಿನಕ್ಕೆ ಐದು ಬಾವಿಯಂತೆ, ಎಲ್ಲವನ್ನೂ ಬೆಳಗ್ಗೆಯೇ ಅಳೆದರು. "ನೀನು ಅಂಗಳದಲ್ಲೇ ನಿಲ್ಲು ಮಾರಾಯ, ನಮ್ಮ ಹಗ್ಗ ನಾನೇ ಇಳಿಸ್ತೇನೆ," ಎಂದರು ಭಟ್ಟರ ಮನೆಯ ಶಾರದಾಂಬ. ಅವರನ್ನು ನೋಡಿ ಉಳಿದ ಮನೆಯವರೂ ಒಪ್ಪಿದರು. ಎರಡಡಿಯ ವ್ಯತ್ಯಾಸ ಮೂರು ಬೆರಳಿಗೆ ಇಳಿಯಿತು. ಅಷ್ಟು ಆಕಸ್ಮಿಕವಾಗಿಯೂ ಬರಬಹುದು, ಗುಂಡಿಯಿಂದಲೇ ಎನ್ನಲಾಗದು ಎಂದು ಮೇಡಂ ಬರೆದುಕೊಟ್ಟರು.

ಪಂಚಾಯಿತಿಗೆ ಪತ್ರ ಹೋಗಲಿಲ್ಲ. ಅಧಿಕಾರಿ ಗಿಡ್ಡಯ್ಯನ ಕೈಯಿಂದ ಹಗ್ಗ ಇಸಿದುಕೊಂಡು ಜೀಪು ಹತ್ತಿದ.

ಮಳೆಗಾಲ ಕಳೆದು ಮೇಲಿನ ಕೇರಿಗೆ ನಲ್ಲಿ ಬಂತು. ಕಾವ್ಯ ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿ, "ಒಂಚೂರು ನೋಡ್ಕಾ ಅಪ್ಪಯ್ಯ," ಎಂದು ಕೊಡ ಹಿಡಿದು ಅಂಗಳಕ್ಕೆ ಇಳಿದಳು. ಅಂದು ಆ ಬಸ್ಸು ಐದು ನಿಮಿಷ ಮೊದಲೇ ಬಂದಿದ್ದರೆ? ಕೊಡ ತುಂಬುವಷ್ಟು ಹೊತ್ತೂ ಅವನು ಮಗುವನ್ನು ಎದೆಗೊತ್ತಿ ಹಿಡಿದುಕೊಂಡಿದ್ದ.