ಅಕ್ಕೋರು ಹೊಲಿದ ಅಲ್ಯೂಮಿನಿಯಂ ಪೆಟ್ಟಿಗೆ

ಹೋದ ವಾರ ನಮ್ಮ ಮನೆಯ ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಲು ಒಬ್ಬರು ಬಂದಿದ್ದರು. ಅಂಗಳದಲ್ಲಿ ಕೂತು ಅಲ್ಯೂಮಿನಿಯಂ ಪಟ್ಟಿ ಕೊಯ್ದು, ಅಂಚಿಗೆ ಅರ ಹಾಕಿ ಉಜ್ಜುತ್ತಿದ್ದರು. ಚಹಾ ಕೊಡಲು ಹೋದವಳು ನಾನು ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ. ಉಜ್ಜಿದ ಅಲ್ಯೂಮಿನಿಯಂಗೆ ಒಂದು ವಾಸನೆ ಇರುತ್ತದೆ. ಹುಳಿ ಅನ್ನೋಣವೆಂದರೆ ಹುಳಿಯಲ್ಲ, ಸುಟ್ಟದ್ದು ಅನ್ನೋಣವೆಂದರೆ ಸುಟ್ಟದ್ದೂ ಅಲ್ಲ. ಚಿಕ್ಕಂದಿನಲ್ಲಿ ಹತ್ತು ಪೈಸೆ ನಾಣ್ಯ ಬಾಯಲ್ಲಿಟ್ಟುಕೊಂಡು ಬೈಸಿಕೊಂಡವರಿಗೆ ಗೊತ್ತಾಗುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊನ್ನಾಳಿಯ ಆ ಮನೆಯ ಕಲ್ಲಿನ ಮೆಟ್ಟಿಲು, ಅದರ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತ ಟೈಪಿಂಗ್ ಅಕ್ಕೋರು...

ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ಇವರು ಟೈಪಿಂಗ್ ಕಲಿಸುತ್ತಿದ್ದರಿಂದ ಟೈಪಿಂಗ್ ಅಕ್ಕೋರು. ಮನೆಯ ಮುಂದಿನ ಕೋಣೆಯಲ್ಲಿ ಏಳು ಟೈಪ್‌ರೈಟರು, ಮೂಲೆಯಲ್ಲಿ ಒಂದು ಹೊಲಿಗೆ ಮಷೀನು. ಬೆಳಿಗ್ಗೆ ಮತ್ತು ಸಂಜೆ ಟೈಪಿಂಗ್ ಬ್ಯಾಚು, ಮಧ್ಯಾಹ್ನ ರವಿಕೆ ಹೊಲಿಗೆ. ಅಳತೆಯ ಟೇಪು ಮಾತ್ರ ದಿನವಿಡೀ ಕೊರಳಲ್ಲೇ ಇರುತ್ತಿತ್ತು, ಡಾಕ್ಟರ ಕೊರಳಿನ ನಳಿಗೆಯ ಹಾಗೆ. ಕಲಿಯುವವರು ಕದ್ದು ಕೀಲಿಗಳನ್ನು ನೋಡಿದರೆ ಬೈಯುತ್ತಿರಲಿಲ್ಲ. ಕೈಗೆ ಸಿಕ್ಕ ರವಿಕೆ ತುಂಡನ್ನು ತಂದು ಅವರ ಬೆರಳುಗಳ ಮೇಲೆ ಹೊದಿಸಿ ಹೋಗುತ್ತಿದ್ದರು. ಯಾರದೋ ಮದುವೆಯ ಜರಿ ತೋಳಿನ ಕೆಳಗೆ ಕೈಯಿಟ್ಟುಕೊಂಡೇ ಅರ್ಧ ಊರು ಟೈಪಿಂಗ್ ಕಲಿಯಿತು.

ನಾನೂ ಹಾಗೇ ಕಲಿತೆ, ಸೀನಿಯರ್ ಪರೀಕ್ಷೆ ಪಾಸಾದೆ, ಅಲ್ಲೇ ಅವರ ಕೈಕೆಳಗೆ ಕಲಿಸುವವಳಾಗಿ ಸೇರಿಕೊಂಡೆ. ಆಗ ನನಗೆ ಇಪ್ಪತ್ತಮೂರು. ನಮ್ಮಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಮಗಳು ಕೆಲಸಕ್ಕೆ ಹೋಗುವುದು ಅವರಿಗೆ ಬೇಡವೆಂದೇನೂ ಇರಲಿಲ್ಲ, ಆದರೆ ಕಾಯಂ ಅಲ್ಲದ ಯಾವುದನ್ನೂ ಅವರು ಕೆಲಸ ಅನ್ನುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇನ್ನು ಮುಂದೆ ಎಲ್ಲ ಕಂಪ್ಯೂಟರಂತೆ, ಟೈಪ್‌ರೈಟರು ಗುಜರಿಗಂತೆ ಎಂಬ ಸುದ್ದಿ ಊರಿಗೂ ಬಂತು. ದಾವಣಗೆರೆಯ ಹುಡುಗನೊಬ್ಬ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ತೆರೆಯುತ್ತಾನೆಂದು ಗೋಡೆ ಮೇಲೆ ಬರೆಸಿದ. ನಮ್ಮ ಐದು ಬ್ಯಾಚು ಎರಡಕ್ಕೆ ಇಳಿಯಿತು. ಜೂನ್ ಬ್ಯಾಚಿಗೆ ಜನ ಬರದಿದ್ದರೆ ಕಲಿಸಲು ತಾವೊಬ್ಬರೇ ಸಾಕು ಎಂದು ಅಕ್ಕೋರು ಮುಚ್ಚುಮರೆ ಇಲ್ಲದೆ ಹೇಳಿದರು. ಅಪ್ಪನೂ ಜೂನ್ ಅಂತಲೇ ಗಡುವು ಇಟ್ಟರು. ಬಿಳಿಚೋಡಿನ ಕಡೆಯವರು ಹೆಣ್ಣು ನೋಡಲು ಬರುತ್ತೇವೆಂದು ಎರಡು ಸಲ ಹೇಳಿ ಕಳಿಸಿದ್ದರು. ದೊಡ್ಡ ಕುರಿ ಹಿಂಡಿನ ಮನೆ, ಗಂಡಿನ ಮೇಲೆ ಒಂದು ದೂರಿಲ್ಲ. ಕುರಿಗಳ ಮೇಲೂ ನನಗೆ ದೂರಿರಲಿಲ್ಲ. ಆದರೆ ನೋಡದೆ ಟೈಪ್ ಮಾಡುವುದನ್ನು ಕಲಿತ ಹತ್ತು ಬೆರಳು ಅಲ್ಲಿ ಏನು ಮಾಡಬೇಕು?

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಯಾವುದೋ ಕಾರ್ಖಾನೆಯಲ್ಲಿದ್ದ ಅಕ್ಕೋರ ತಮ್ಮ ಒಂದು ಗಂಟು ಹೊತ್ತುಕೊಂಡು ಬಂದರು. ಜಮಖಾನದೊಳಗೆ ಟವೆಲು, ಟವೆಲಿನೊಳಗೆ ಒಂದು ಹಸಿರು ಹಲಗೆ, ಅದರ ತುಂಬ ಇರುವೆ ಸಾಲಿನಂಥ ತಂತಿಗಳು, ಜೊತೆಗೆ ಒಂದು ಟ್ರಾನ್ಸ್‌ಫಾರ್ಮರು ಮತ್ತು ಕೀಬೋರ್ಡು. ಹರಾಜಿನಲ್ಲಿ ಸಿಕ್ಕ ಕಂಪ್ಯೂಟರಂತೆ. ಹೊರಗಿನ ಪೆಟ್ಟಿಗೆ ಒಡೆದುಹೋಗಿತ್ತಂತೆ, ಒಳಗಿನದು ಸರಿಯಾಗಿದೆಯಂತೆ. ಟೀವಿಗೆ ಸಿಕ್ಕಿಸಿದರೆ ಅಕ್ಷರ ಬರುತ್ತದಂತೆ. ಅಲ್ಯೂಮಿನಿಯಂ ಪೆಟ್ಟಿಗೆಯೇ ಆಗಬೇಕು, ಅದು ಬಿಸಿಯನ್ನು ಹೊರಗೆ ಬಿಡುತ್ತದೆ, ಗಾಳಿಗೆ ತೂತು ಇರಬೇಕು, ಹಲಗೆ ಎಲ್ಲೂ ತಗಡಿಗೆ ತಾಗಬಾರದು ಎಂದು ಕಾಗದದಲ್ಲಿ ಬರೆದುಕೊಟ್ಟು ಅವರು ಮರುದಿನದ ಬಸ್ಸಿಗೇ ಹೊರಟುಹೋದರು.

ನಾನು ಆ ಹಲಗೆ ನೋಡಿದೆ. ನನ್ನ ಬದುಕೆಲ್ಲ ಇದರ ಮೇಲೆ ನಿಂತಿದೆಯಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಅಕ್ಕೋರು ಕೊರಳಿನ ಟೇಪು ತೆಗೆದು ನನ್ನ ಕೈಗಿಟ್ಟರು.

"ಅಳೋದು ಆಮೇಲೆ ಐತೆ. ಮೊದ್ಲು ಅಳತೆ ಹಿಡಿ."

ಅಳತೆ ಬರೆದದ್ದು ರವಿಕೆಯ ಪುಸ್ತಕದಲ್ಲೇ. ಎದೆ, ಸೊಂಟ, ತೋಳು, ಉದ್ದ ಎಂದು ಮೊದಲೇ ಗೆರೆ ಹಾಕಿದ್ದ ಹಾಳೆಯಲ್ಲಿ ಕಂಪ್ಯೂಟರಿನ ಎದೆ ಹದಿನಾಲ್ಕು, ಸೊಂಟವೂ ಹದಿನಾಲ್ಕು ಎಂದು ಬಂತು. ಟೈಲರಾಗಿ ಇಷ್ಟು ವರ್ಷದಲ್ಲಿ ಇಂಥ ಸರಳ ಮೈಕಟ್ಟು ನೋಡಿಯೇ ಇಲ್ಲ ಎಂದು ಅಕ್ಕೋರು ಸಂತೋಷಪಟ್ಟರು. ಹಳೆಯ ಪತ್ರಿಕೆಯಲ್ಲಿ ನಮೂನೆ ಕತ್ತರಿಸಿದರು, ಮಡಿಕೆಗೆಂದು ನಾಲ್ಕೂ ಕಡೆ ಅರ್ಧ ಇಂಚು ಬಿಟ್ಟರು, ಗುಂಡುಪಿನ್ನು ಚುಚ್ಚಿ ಪೇಪರಿನ ಪೆಟ್ಟಿಗೆ ಮಾಡಿ ಹಲಗೆಗೆ ತೊಡಿಸಿಯೂ ನೋಡಿದರು.

ಇನ್ನು ತಗಡು. ನ್ಯಾಮತಿ ರಸ್ತೆಯ ಶೆಡ್ಡಿನಲ್ಲಿ ಒಂದು ಹಳೆಯ ಬಸ್ಸಿಗೆ ಹೊಸ ಬಾಡಿ ಕಟ್ಟುತ್ತಿದ್ದರು. ಕಿತ್ತು ಹಾಕಿದ ಪಕ್ಕದ ತಗಡುಗಳು ಗೋಡೆಗೆ ಒರಗಿದ್ದವು. ಶೆಡ್ಡಿನ ಮೇಸ್ತ್ರಿಗೆ ಯಾವುದೋ ಕಚೇರಿಗೆ ಕೊಡಲು ಒಂದು ಅರ್ಜಿ ಬೇಕಾಗಿತ್ತು. ಅಕ್ಕೋರು ಕಾರ್ಬನ್ ಹಾಕಿ ಮೂರು ಪ್ರತಿ ಟೈಪ್ ಮಾಡಿಕೊಟ್ಟು ಒಂದು ತಗಡು ತಂದರು. ಸುರುಳಿ ಮಾಡಿದ ಆ ತಗಡನ್ನು ನಾವಿಬ್ಬರೂ ಆಚೀಚೆ ಹಿಡಿದು ಬಜಾರಿನಲ್ಲಿ ನಡೆದುಕೊಂಡು ಬಂದದ್ದು ಊರಿಗೆ ವಾರಕ್ಕಾಗುವಷ್ಟು ಮಾತಾಯಿತು.

ಪಾತ್ರೆ ಅಂಗಡಿಯವರ ಹತ್ತಿರ ದೊಡ್ಡ ಕತ್ತರಿ ಬೇಡಿ ತಂದೆವು. ಮೆಟ್ಟಿಲ ಅಂಚಿಗೆ ತಗಡಿಟ್ಟು, ಬಟ್ಟೆ ಬಡಿಯುವ ಕೊಡತಿಯಿಂದ ಅಕ್ಕೋರು ಮಡಿಕೆ ಹೊಡೆಯತೊಡಗಿದರು. ಆ ಸದ್ದು ಮೂರು ಬೀದಿಗೆ ಕೇಳಿಸುತ್ತಿತ್ತು. ಮೊದಲ ದಿನ ಜನ ಇಣುಕಿ ನೋಡಿದರು. ಎರಡನೆಯ ದಿನ ಎದುರು ಮನೆಯ ಮುದುಕರು, "ಅಕ್ಕೋರೆ, ಪಾತ್ರೆ ಅಂಗಡಿ ಇಟ್ರೇನ್ರಿ?" ಅಂದರು. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ನಗ್ಗಿದ ಬೋಗುಣಿ, ಸೊಟ್ಟಗಾದ ಕೊಡ ಹಿಡಿದುಕೊಂಡು ನಾಲ್ಕು ಜನ ಹೆಂಗಸರು ನಿಂತಿದ್ದರು. ವಾಪಸು ಕಳಿಸುವುದು ಅಕ್ಕೋರಿಗೆ ಗೊತ್ತಿಲ್ಲದ ವಿದ್ಯೆ. ಕೂತು ನಾಲ್ಕನ್ನೂ ತಟ್ಟಿ ಸರಿಮಾಡಿದರು. ಅದರಿಂದ ಕೈ ಪಳಗಿತು ನೋಡು ಎಂದು ನನಗೆ ಸಮಾಧಾನ ಬೇರೆ. ನನ್ನ ಕೈ ಪಳಗಲಿಲ್ಲ, ಕೊಯ್ದುಕೊಂಡಿತು. ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು ಹದಿನೈದು ದಿನ ಒಂಬತ್ತು ಬೆರಳಲ್ಲಿ ಟೈಪಿಂಗ್ ಕಲಿಸಿದೆ. ಆ ಬ್ಯಾಚಿನ ಕೆಲವರು ಪರೀಕ್ಷೆಯಲ್ಲೂ ಆ ಬೆರಳು ಎತ್ತಿಕೊಂಡೇ ಟೈಪ್ ಮಾಡಿದರಂತೆ.

ಮೂಲೆ ಕೂಡಿಸಲು ರೇಡಿಯೋ ರಿಪೇರಿಯವರು ಬಂದು ಬೆಸುಗೆ ಹಾಕಿದರು. ಅಲ್ಯೂಮಿನಿಯಂಗೆ ಆ ಬೆಸುಗೆ ಹಿಡಿಯಲಿಲ್ಲ, ಸೀಸ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಬಿತ್ತು. ಕೊನೆಗೆ ಅಕ್ಕೋರೇ ಬಾಣಲೆಗೆ ಹಿಡಿ ಕೂರಿಸುವ ರಿವೀಟು ತಂದು, ಗುಂಡಿ ಹಾಕಿದಂತೆ ಎರಡೆರಡು ಇಂಚಿಗೆ ಒಂದೊಂದು ಬಡಿದರು. ಗಾಳಿಯ ತೂತುಗಳಿಗೆ ಸೀಮೆಸುಣ್ಣದಲ್ಲಿ ಏಳು ಚುಕ್ಕಿ ಏಳು ಸಾಲಿನ ರಂಗೋಲಿ ಇಟ್ಟು, ಚುಕ್ಕಿಗೊಂದು ಮೊಳೆ ಹೊಡೆದರು. ಹಲಗೆ ತಗಡಿಗೆ ತಾಗದಂತೆ ನಾಲ್ಕು ಮೂಲೆಗೆ ನಾಲ್ಕು ಖಾಲಿ ದಾರದ ರೀಲು. ಆಮೇಲೊಮ್ಮೆ ಊರಿಗೆ ಬಂದಾಗ ಅದನ್ನು ನೋಡಿ ತಮ್ಮನವರೇ, ಕಾರ್ಖಾನೆಯಲ್ಲಿ ಇದಕ್ಕೆಂದೇ ಬೇರೆ ಸಾಮಾನು ತರಿಸುತ್ತೇವೆ, ಕೆಲಸ ಇದೇ ಮಾಡುವುದು ಅಂದರು.

ಒಂದೇ ಒಂದು ಎಡವಟ್ಟಾಯಿತು. ಬಸ್ಸಿನ ಬಣ್ಣ ಒಳಗೆ ಹೋಗಲಿ ಎಂದು ಲೆಕ್ಕ ಹಾಕಿದ್ದರು, ಬಲಗಡೆಯ ತುಂಡು ಮಾತ್ರ ತೋಳು ಉಲ್ಟಾ ಕೂತ ಹಾಗೆ ಉಲ್ಟಾ ಕೂತುಬಿಟ್ಟಿತ್ತು. ರಿವೀಟು ಬಡಿದಾದ ಮೇಲೆ ನೋಡಿದರೆ ಹಳದಿಯ ಮೇಲೆ ಕೆಂಪಕ್ಷರ. ನ್ಯಾಮತಿ, ಸವಳಂಗ ಎಂಬ ಊರ ಹೆಸರುಗಳ ತಲೆ ಬಾಲ ಕತ್ತರಿಗೆ ಹೋಗಿ 'ಮತಿ – ಸವಳಂ' ಅಂತ ಉಳಿದಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದೆವು, ಅಕ್ಷರ ಇನ್ನೂ ಹೊಳೆಯಿತು. ಅಕ್ಕೋರು ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದರು. ಮತಿ ಅಂದರೆ ಬುದ್ಧಿ ತಾನೇ, ಕಂಪ್ಯೂಟರಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾವುದು ಅಂದರು. ಸವಳಂ ಅಂದರೇನು ಎಂದು ಕೇಳಿದೆ. ಅದರ ಮೇಲೆ ಕ್ರೋಶಾ ಹೊದಿಕೆ ಇಳಿಬಿಟ್ಟರಾಯಿತು ಅಂದರು.

ಪಕ್ಕದ ಮನೆಯ ಟೀವಿ ತಂದು, ತಂತಿ ಸಿಕ್ಕಿಸಿ, ದೇವರಿಗೆ ಕೈಮುಗಿದು ಸ್ವಿಚ್ ಹಾಕಿದೆವು. ಅಕ್ಕೋರು ಪೆಟ್ಟಿಗೆ ಮುಟ್ಟಿದವರೇ ಎರಡು ಹೆಜ್ಜೆ ಹಿಂದಕ್ಕೆ ಹಾರಿ ಹೊಲಿಗೆ ಮಷೀನಿನ ಮೇಲೆ ಕೂತರು. ನಾನು ಕಿರುಚಿದೆ. ಅವರು ಕೈ ಕೊಡವಿಕೊಂಡು, "ಏನಾಗಿಲ್ಲ ಬಿಡು. ಜೀವ ಐತೆ ಅದಕ್ಕೆ, ಗೊತ್ತಾತಲ್ಲ" ಅಂದರು.

ಕರೆಂಟಿನ ಲೈನ್‌ಮನ್ ಬಂದು ನೋಡಿ ಟ್ರಾನ್ಸ್‌ಫಾರ್ಮರಿನ ತಂತಿಯೊಂದು ತಗಡಿಗೆ ತಾಗಿದ್ದನ್ನು ಬಿಡಿಸಿದರು. ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಕೊಳವೆ ಹೂತು ಅರ್ತಿಂಗ್ ಕೊಟ್ಟರು. ದಿನಾ ಅದಕ್ಕೊಂದು ಕೊಡ ನೀರು ಹಾಕಿರಿ ಎಂದು ಹೇಳಿ ಹೋದರು. ಆದರೆ ಶಾಕ್ ಹೊಡೆದ ಸುದ್ದಿ ಹೋಟೆಲು ಮುಟ್ಟಿಯಾಗಿತ್ತು. ಮಹಡಿಯ ಕಂಪ್ಯೂಟರ್ ಕ್ಲಾಸಿನ ಹುಡುಗ ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿದ. ತಗಡಿನ ಕಂಪ್ಯೂಟರ್ ಮುಟ್ಟಿದರೆ ಮಕ್ಕಳ ಕೈ ಸೆಟೆದುಹೋಗುತ್ತದೆ ಎಂದು ಊರೆಲ್ಲ ಮಾತಾಯಿತು. ಎಲ್ಲರ ಎದುರು ಚಾಲೂ ಮಾಡಿ ತೋರಿಸದೆ ಬೇರೆ ದಾರಿ ಇರಲಿಲ್ಲ.

ಜೂನಿನ ಮೊದಲ ಭಾನುವಾರ ಬೆಳಿಗ್ಗೆ ಉದ್ಘಾಟನೆ ಇಟ್ಟೆವು. ಊರಿನ ಮುಖಂಡರೊಬ್ಬರು ಹಾರ ಹಾಕಿಸಿಕೊಂಡು ಬಂದರು. ಮಕ್ಕಳನ್ನು ಸೇರಿಸಬೇಕೋ ಬೇಡವೋ ಎಂದು ಅಳೆಯುತ್ತಿದ್ದ ತಂದೆತಾಯಂದಿರು ಬಂದರು. ಡ್ಯೂಟಿ ಬದಲಿಸಿಕೊಂಡು ಅಪ್ಪನೂ ಬಂದು ಬಾಗಿಲ ಹತ್ತಿರ ಕೈಕಟ್ಟಿ ನಿಂತರು. ಪ್ಲಗ್ಗಿನ ಪಿನ್ನು ಸಡಿಲವಿದ್ದು ಆಗಾಗ ಕಳಚುತ್ತಿತ್ತು. ಅದಕ್ಕೆ ಅಕ್ಕೋರು ಮೇಜಿನ ಕೆಳಗೆ ಕೂತು ಅದನ್ನು ಅದುಮಿ ಹಿಡಿದುಕೊಂಡಿದ್ದರು. ಒಂದು ಕೀಲಿ ಒತ್ತಿ ಉದ್ಘಾಟಿಸಬೇಕೆಂದು ನಾನು ಕೇಳಿಕೊಂಡೆ. ಮುಖಂಡರು ಶಾಲಿನೊಳಗೆ ಕೈ ಸೇರಿಸಿ, ಹೆಣ್ಣುಮಕ್ಕಳ ಕೈಯಿಂದಲೇ ಆಗಲಿ, ಅದೇ ಶ್ರೇಷ್ಠ ಅಂದರು. ಹೆಣ್ಣುಮಕ್ಕಳು ಗೋಡೆಗೆ ಸರಿದರು. ಯಾರೂ ಮುಂದೆ ಬರಲಿಲ್ಲ. ನಾನೇ ಮುಟ್ಟಿ ತೋರಿಸೋಣವೆಂದರೆ, ಒಳಗಿನವರಿಗೆ ಏನೋ ಯುಕ್ತಿ ಗೊತ್ತಿರುತ್ತದೆ ಎಂದು ಒಬ್ಬರು ಅಷ್ಟರಲ್ಲೇ ಅಂದುಬಿಟ್ಟರು. ಬಿಳಿಚೋಡಿನ ಕುರಿಗಳು ಒಂದೊಂದಾಗಿ ಕಣ್ಣ ಮುಂದೆ ಹಾದುಹೋದವು...

ಅಷ್ಟರಲ್ಲಿ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಬಸ್ಸಿನೊಳಗೆ ಟಿಕೆಟ್ ಕೊಡಲು ಬರುವ ಹಾಗೇ ಬಂದರು. ಕ್ರೋಶಾ ಹೊದಿಕೆ ಎತ್ತಿ, ಬಗ್ಗಿ, ಆ ಕೆಂಪಕ್ಷರದ ಮೇಲೆ ಬೆರಳಾಡಿಸಿದರು.

"ಇದು ನನ್ನ ಹಳೇ ಗಾಡಿ ಅಲ್ಲೇನ್ರೀ? ಈ ಸೊಟ್ಟ ಳ ಬರೆದೋನ ಜೊತೆ ನಾನು ಜಗಳಾಡಿದ್ದೆ."

ಎಂಟು ವರ್ಷ ಅವರು ಆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತಿದ್ದರಂತೆ. ಆ ದಾರಿಯಲ್ಲಿ ಓಡುವ ಅಷ್ಟು ಬಸ್ಸುಗಳಲ್ಲಿ ಅದೇ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅಪ್ಪ ಅಂಗೈ ಬಿಚ್ಚಿ ಪೆಟ್ಟಿಗೆಯ ಪಕ್ಕಕ್ಕೆ ಎರಡು ಸಲ ಬಲವಾಗಿ ಬಡಿದು, "ರೈಟ್" ಅಂದರು.

ಯಾರಿಗೂ ಶಾಕ್ ಹೊಡೆಯಲಿಲ್ಲ. ಆ ಹೊಡೆತಕ್ಕೋ ಏನೋ, ಅಲ್ಲಿಯವರೆಗೆ ಮಸುಕಾಗಿದ್ದ ಟೀವಿ ಸ್ವಚ್ಛವಾಯಿತು. ನಾನು ಕೀಲಿ ಒತ್ತಿದೆ. ತಮ್ಮನವರು ಬಸ್ಸು ಹತ್ತುವ ಮುನ್ನ ಕಲಿಸಿಕೊಟ್ಟಿದ್ದ ಎರಡು ಸಾಲಿನ ಪ್ರೋಗ್ರಾಮು ಅದು. ನಮಸ್ಕಾರ ಎಂದು ಇಂಗ್ಲಿಷ್ ಅಕ್ಷರದಲ್ಲಿ ಮೂಡಿತು. ಮುಖಂಡರು ಶಾಲಿನಿಂದ ಕೈ ತೆಗೆದು ಮರಳಿ ನಮಸ್ಕಾರ ಮಾಡಿದರು. ಇನ್ನೊಂದು ನಮಸ್ಕಾರ ಬಂತು, ಅವರು ಇನ್ನೊಮ್ಮೆ ಮಾಡಿದರು. ಆಮೇಲೆ ನಮಸ್ಕಾರಗಳು ಸಾಲು ಸಾಲಾಗಿ ಸುರಿಯತೊಡಗಿದವು. ನಿಲ್ಲಿಸುವುದು ಹೇಗೆಂದು ನನಗೆ ಕಲಿಸಿರಲಿಲ್ಲ. ಮುಖಂಡರು ಮರ್ಯಾದಸ್ಥರು, ಆರೇಳು ಸಲದವರೆಗೂ ಕೈಮುಗಿದು ನೋಡಿದರು. ಕೊನೆಗೆ ಮೇಜಿನ ಕೆಳಗಿನಿಂದ ಅಕ್ಕೋರು ಪಿನ್ನು ಕಿತ್ತರು. ಜನ ಚಪ್ಪಾಳೆ ತಟ್ಟಿದರು.

ಅಂದೇ ಹನ್ನೊಂದು ಜನ ಹೆಸರು ಬರೆಸಿದರು. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ, ಬಿಳಿಚೋಡಿನವರಿಗೆ ಈಗ ಬರಬೇಡಿ ಅಂತ ಹೇಳುತ್ತೇನೆ, ನೀನು ಇನ್ನೆರಡು ವರ್ಷ ಅದನ್ನೇ ನೋಡಿಕೋ ಎಂದರು.

ಆ ಕಂಪ್ಯೂಟರು ಮೂರು ವರ್ಷ ನಡೆಯಿತು. ಬೇಸಿಗೆಯಲ್ಲಿ ಬೀಸಣಿಗೆಯಿಂದ ಗಾಳಿ ಹಾಕಬೇಕಾಗುತ್ತಿತ್ತು. ಒಂದು ದಿನ ಎಷ್ಟು ಗಾಳಿ ಹಾಕಿದರೂ ಏಳಲಿಲ್ಲ. ಅಷ್ಟರಲ್ಲಿ ನಾನು ಪರೀಕ್ಷೆ ಬರೆದು ತಾಲೂಕು ಕಚೇರಿಯ ಟೈಪಿಸ್ಟಾಗಿ ಚನ್ನಗಿರಿಗೆ ಹೋಗಿದ್ದೆ. ಮದುವೆಯಾಯಿತು, ಮಕ್ಕಳಾದವು, ಜಗಳೂರಿಗೆ ವರ್ಗವಾಯಿತು. ಅಕ್ಕೋರು ಕಾಗದ ಬರೆಯುತ್ತಿದ್ದರು, ಟೈಪ್ ಮಾಡಿಯೇ. ಕೆಳಗೆ ಸಹಿ ಮಾತ್ರ ಕೈಯದು. ಉತ್ತರ ಬರೆಯಬೇಕೆಂದು ಮೇಜಿನ ಮೇಲಿಟ್ಟುಕೊಂಡಿದ್ದ ಕೊನೆಯ ಕಾಗದ ಅಲ್ಲೇ ಇತ್ತು... ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಹನ್ನೊಂದನೆಯ ದಿನವೂ ಕಳೆದಿತ್ತು.

ಜಾಲರಿಯವರು ಹೋದ ಮೇಲೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ನಕ್ಕೂ ನಕ್ಕೂ ಸಾಕಾದ ಮೇಲೆ, ಫೋಟೋ ಇಲ್ವಾ ಅಜ್ಜಿ ಅಂದಳು. ಉದ್ಘಾಟನೆಯ ದಿನದ್ದು ಒಂದೇ ಒಂದು ಇದೆ, ಹುಡುಕಿ ತೆಗೆದೆ. ಅದರಲ್ಲಿ ಎಲ್ಲರೂ ಇದ್ದಾರೆ. ಕೈಮುಗಿದ ಮುಖಂಡರು, ಪೆಟ್ಟಿಗೆಯ ಮೇಲೆ ಕೈಯಿಟ್ಟ ಅಪ್ಪ, ಬಾಯಿ ತೆರೆದ ನಾನು, ಹಿಂದೆ ಲೈನ್‌ಮನ್. ಇವರಲ್ಲಿ ಅಕ್ಕೋರು ಯಾರು ಎಂದು ಕೇಳಿದಳು.

ಮೇಜಿನ ಬಟ್ಟೆಯ ಕೆಳಗೆ, ಬಲಗಡೆಗೆ, ಹತ್ತಿರ ಹಿಡಿದು ನೋಡಿದರೆ ಒಂದು ಹಿಮ್ಮಡಿ ಕಾಣುತ್ತದೆ. ಬೆರಳಿಟ್ಟು ತೋರಿಸಿದೆ. ಅಕ್ಕೋರ ಬೇರೆ ಫೋಟೋ ನನ್ನ ಹತ್ತಿರ ಇಲ್ಲ.