ಮುನ್ನೂರನೆಯ ತಲೆ

ವರ್ಲೀನ್ ಪ್ರುಯಿಟ್ ಬಾಯಿ ತೆರೆದರೆ ಫೆಲ್ಟನ್ ಬೀದಿಯ ಕೆಟ್ಟ ದೀಪಗಳೂ ಹೆದರಿ ಹತ್ತಿಕೊಳ್ಳುತ್ತವೆ ಎಂದು ಆ ಕಡೆಯ ಜನ ತಮಾಷೆ ಮಾಡುತ್ತಿದ್ದರು. ದೀಪಗಳೇನೂ ಹತ್ತಲಿಲ್ಲ, ನಗರಸಭೆ ಅವನ್ನು ಮರೆತು ಆರು ವರ್ಷವಾಗಿತ್ತು. ಮಕ್ಕಳು ಮಾತ್ರ ಹಾಸಿಗೆ ಬಿಟ್ಟು ಏಳುತ್ತಿದ್ದರು. ಅವಳ ಕೆಲಸವೇ ಅದು. ಟಾಲ್ಬರ್ಟ್ ಸರ್ಕಾರಿ ಶಾಲೆಯಲ್ಲಿ ಹಾಜರಿ ನೋಡಿಕೊಳ್ಳುವವಳು. ಬೆಳಿಗ್ಗೆ ಯಾವ ಮಗುವಿನ ಕುರ್ಚಿ ಖಾಲಿಯಿದೆಯೋ ಅದರ ಮನೆಗೆ ಹೋಗಿ ಬಾಗಿಲು ಬಡಿದು, ಮಗುವನ್ನು ಎಬ್ಬಿಸಿ, ಶೂ ತೊಡಿಸಿ, ತನ್ನ ಹಳೆಯ ಬ್ಯೂಕ್ ಕಾರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದಳು. ನೌಕರರು ಸ್ವಂತ ಕಾರಿನಲ್ಲಿ ಮಕ್ಕಳನ್ನು ಕೂರಿಸಕೂಡದೆಂದು ಊರಿನ ಶಾಲೆಗಳನ್ನೆಲ್ಲ ಆಳುವ ದೊಡ್ಡ ಕಚೇರಿಯ ನಿಯಮವಿತ್ತು. ಕಾಲುನಡಿಗೆಯಲ್ಲಿ ದಿನಕ್ಕೆ ಮೂವತ್ತು ಮನೆ ಸುತ್ತಲಾಗದೆಂದು ಅದೇ ಕಚೇರಿಗೆ ಗೊತ್ತೂ ಇತ್ತು. ಹಾಗಾಗಿ ನಿಯಮ ಗೋಡೆಯ ಮೇಲಿತ್ತು, ಮಕ್ಕಳು ಕಾರಿನಲ್ಲಿದ್ದರು.

ಅವಳು ಹುಟ್ಟಿದ್ದು ಅಲಬಾಮದಲ್ಲಿ. ಎರಡು ವರ್ಷದವಳಿದ್ದಾಗ ಅಪ್ಪ ಕಾರು ಕಾರ್ಖಾನೆಯ ಕೆಲಸ ಹುಡುಕಿಕೊಂಡು ಮಿಚಿಗನ್ನಿನ ಈ ಊರಿಗೆ ಬಂದ. ಅಮ್ಮ ಟಾಲ್ಬರ್ಟ್ ಶಾಲೆಯ ನೆಲ ಒರೆಸುತ್ತಿದ್ದಳು. ಆಗ ಅಲ್ಲಿ ಸಾವಿರದ ನಾನೂರು ಮಕ್ಕಳು, ಕೂರಿಸಲು ಜಾಗ ಸಾಲದೆ ಎರಡು ಪಾಳಿಯಲ್ಲಿ ಪಾಠ. ವರ್ಲೀನ್ ಬೆಳಗಿನ ಪಾಳಿಯಲ್ಲಿ ಓದಿ ಮಧ್ಯಾಹ್ನ ಅಮ್ಮನ ಬಕೆಟ್ಟು ಹಿಡಿದು ಹಿಂದೆ ಹಿಂದೆ ಓಡಾಡುತ್ತಿದ್ದಳು. ದೊಡ್ಡವಳಾಗಿ ಮದುವೆಯಾದಳು. ಗಂಡ ಎರಡನೇ ವರ್ಷಕ್ಕೆ ಓಹಾಯೋದ ಕಡೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮಕ್ಕಳಾಗಿರಲಿಲ್ಲ. ಅಲ್ಲಿಂದಾಚೆಗೆ ಅವಳಿಗೆ ಭಾನುವಾರಕ್ಕೆ ಚರ್ಚು, ಉಳಿದ ದಿನಕ್ಕೆ ಟಾಲ್ಬರ್ಟ್, ಹೀಗೇ ಮೂವತ್ತೊಂದು ವರ್ಷ ಕಳೆಯಿತು.

ಕಾರ್ಖಾನೆಗಳು ಹೋದವು, ಅವುಗಳ ಹಿಂದೆ ಜನ ಹೋದರು. ಜನ ಹೋದ ಮೇಲೆ ಶಾಲೆಗಳಿಗೆ ಬೀಗ ಬಿತ್ತು. ಪಕ್ಕದ ಕೇರಿಯ ಶಾಲೆ ಮುಚ್ಚಿದ ಮೂರನೇ ವಾರಕ್ಕೆ ಕಳ್ಳರು ಅದರ ತಾಮ್ರದ ಪೈಪು ಕಿತ್ತುಕೊಂಡು ಹೋದರು, ಆರನೇ ತಿಂಗಳಿಗೆ ಯಾರೋ ಬೆಂಕಿ ಇಟ್ಟರು. ಅಲ್ಲಿಯ ಮಕ್ಕಳು ಹೆದ್ದಾರಿಯಾಚೆಯ ಶಾಲೆಗೆ ಹೋಗಬೇಕೆಂದು ಆದೇಶವಾಯಿತು. ಅರ್ಧ ಮಕ್ಕಳು ಹೋದರು, ಉಳಿದರ್ಧ ಎಲ್ಲಿಗೂ ಹೋಗಲಿಲ್ಲ. ಆ ಉಳಿದರ್ಧವನ್ನು ವರ್ಲೀನ್ ದಿನಾ ಬೀದಿ ಮೂಲೆಯಲ್ಲಿ ನೋಡುತ್ತಿದ್ದಳು. ಟಾಲ್ಬರ್ಟಿಗೆ ಆ ಗತಿ ಬರಬಾರದು. ಅವಳ ಬದುಕಿನಲ್ಲಿ ಉಳಿದಿದ್ದ ಹಟ ಅದೊಂದೇ.

ಆ ರಾಜ್ಯದಲ್ಲಿ ಅಕ್ಟೋಬರಿನ ಮೊದಲ ಬುಧವಾರ ಎಣಿಕೆ ದಿನ. ಅಂದು ಯಾವ ಶಾಲೆಯ ಕುರ್ಚಿಗಳಲ್ಲಿ ಎಷ್ಟು ಮಕ್ಕಳು ಕುಳಿತಿರುತ್ತಾರೋ ಅದರ ಮೇಲೆ ಸರ್ಕಾರ ಕೊಡುವ ಹಣ, ಅದೇ ಆ ಶಾಲೆಯ ವರ್ಷದ ಅನ್ನ. ಹಾಗಾಗಿ ಅಂದು ಎಲ್ಲ ಮಕ್ಕಳಿಗೂ ಪಿಜ್ಜಾ, ಅಂಗಳದಲ್ಲಿ ಬ್ಯಾಂಡು, ಚೀಟಿ ಎತ್ತಿ ಒಬ್ಬರಿಗೆ ಹೊಸ ಸೈಕಲ್ಲು. ವರ್ಷವಿಡೀ ಪಾಯಿಖಾನೆಯಲ್ಲಿ ಒರೆಸಲು ಕಾಗದವಿಲ್ಲದ ಶಾಲೆ ಇದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥದ್ದಕ್ಕೇ.

ಆ ವರ್ಷ ದೊಡ್ಡ ಕಚೇರಿಯಿಂದ ಒಂದು ಓಲೆ ಬಂತು. ಎಣಿಕೆ ದಿನ ಮುನ್ನೂರಕ್ಕಿಂತ ಒಂದು ತಲೆ ಕಡಿಮೆಯಾದರೂ ಆ ಶಾಲೆಗೆ ಜೂನ್ ತಿಂಗಳಲ್ಲಿ ಬೀಗ. ಮಗು ಬೆಳಿಗ್ಗೆ ಬಂದು ಮುಖ ತೋರಿಸಿ ಹೋದರೆ ಆಗದು, ಮೂರು ಗಂಟೆ ಹತ್ತು ನಿಮಿಷದ ಕೊನೆಯ ಗಂಟೆಯವರೆಗೆ ಕುರ್ಚಿಯಲ್ಲಿರಬೇಕು. ಅರ್ಧ ದಿನದ ಮಗುವನ್ನು ಅವರು ಮಗುವೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮುಖ್ಯೋಪಾಧ್ಯಾಯ ಡಾಕ್ಟರ್ ಲಾಕ್‌ರಿಜ್ ಅವಳ ಮೇಜಿನ ಮುಂದೆ ಬಂದು ನಿಂತ. ದೊಡ್ಡ ಕಚೇರಿಯಿಂದ ಹೋದ ವರ್ಷ ಬಂದವನು, ವಯಸ್ಸಿನಲ್ಲಿ ಅವಳಿಗೆ ಮಗನಾಗಬಹುದು, ಸದಾ ಇಸ್ತ್ರಿ ಮಾಡಿದ ನಗು.

"ಇನ್ನೂರ ತೊಂಬತ್ತೇಳು. ಮೂರೇ ಮೂರು ಬೇಕು, ಮಿಸ್ ಪ್ರುಯಿಟ್."

"ಮೂರು ತಾನೆ? ನಾನು ಇಂಥ ಮಳೆಗಾಲ ಎಷ್ಟು ನೋಡಿಲ್ಲ. ನೀವು ಪಿಜ್ಜಾ ತಣ್ಣಗಾಗದ ಹಾಗೆ ನೋಡ್ಕೊಳ್ಳಿ," ಎಂದು ಅವಳು ಕಾರಿನ ಕೀಲಿ ಎತ್ತಿಕೊಂಡಳು.

ಮೊದಲು ಹಾರ್‌ಗ್ರೋವ್ ಮನೆಯ ಅವಳಿ ಹುಡುಗರು. ತಾಯಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಿಂದ ಬಂದು ಹೆಣದ ಹಾಗೆ ಮಲಗಿದ್ದಳು, ಹುಡುಗರು ಟೀವಿಯ ಮುಂದಿದ್ದರು.

"ಏನ್ರೋ ರಾಜಕುಮಾರರೇ, ಪಲ್ಲಕ್ಕಿ ಕಳಿಸ್ಬೇಕಿತ್ತಾ?"

"ಪಿಜ್ಜಾ ಇದೆಯಾ, ಮಿಸ್ ವರ್ಲೀನ್?"

"ಇದೆ. ನಿಮ್ಮ ಹಲ್ಲು ನೋಡಿದ್ರೆ ಅದೂ ಓಡಿ ಹೋಗತ್ತೆ. ಉಜ್ಜಿ ಮೊದ್ಲು!"

ಐದು ನಿಮಿಷದಲ್ಲಿ ಇಬ್ಬರೂ ಕಾರಿನಲ್ಲಿದ್ದರು. ಇನ್ನು ಒಂದು ತಲೆ ಬೇಕಿತ್ತು. ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಕೊನೆಗೆ ಇಟ್ಟುಕೊಂಡಿದ್ದಳು.

ಅರ್ನೆಸ್ಟೀನ್ ರಿಗ್ಸ್ ಎಂಬ ಮುದುಕಿಯ ಮೊಮ್ಮಗಳು ಕಿಯೋನಾ. ಒಂಬತ್ತು ವರ್ಷ, ಹುಟ್ಟಿನಿಂದ ಉಬ್ಬಸ. ತಾಯಿ ತೀರಿಕೊಂಡ ಮೇಲೆ ಅಜ್ಜಿಯೇ ಸಾಕಿದ್ದಳು. ವರ್ಲೀನ್ ಒಳಗೆ ಹೋದಾಗ ಹುಡುಗಿ ಕಿಟಕಿಯ ಹತ್ತಿರ ಮುಂದಕ್ಕೆ ಬಾಗಿ ಕುಳಿತಿದ್ದಳು. ಒಂದೊಂದು ಉಸಿರಿಗೂ ಎರಡು ಭುಜ ಮೇಲೇರಿ ಇಳಿಯುತ್ತಿದ್ದವು.

"ಇವತ್ತಾಗಲ್ಲ, ಮಿಸ್ ವರ್ಲೀನ್," ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ರಾತ್ರಿಯಿಡೀ ಮಲಗೇ ಇಲ್ಲ ಇವ್ಳು. ಕೇಳಿಸ್ತಿಲ್ವಾ, ಎದೆ ಹೆಂಗೆ ಸಿಳ್ಳೆ ಹೊಡೀತಿದೆ?"

"ಕೇಳಿಸ್ತಿದೆ. ಆದ್ರೆ ಒಂದು ತಲೆ ಕಮ್ಮಿ ಬಿದ್ದಿದೆ, ಮಿಸ್ ಅರ್ನೆಸ್ಟೀನ್."

"ಬೇರೆ ಯಾರ ತಲೇನಾದ್ರೂ ಹುಡ್ಕೊಳ್ಳಿ."

"ಎಲ್ಲಿಂದ ತರ್ಲಿ? ಈ ಬೀದೀಲಿ ಉಳಿದಿರೋದೇ ನೀವು. ಶಾಲೆ ಮುಚ್ಚಿದ್ರೆ ಇದೇ ಎದೆ ಇಟ್ಕೊಂಡು ಈ ಮಗು ಹೆದ್ದಾರಿ ದಾಟಿ ಎರಡು ಮೈಲಿ ನಡೀಬೇಕು, ಹಿಮದಲ್ಲಿ. ಅದು ಬೇಕಾ ನಿಮ್ಗೆ?"

ಮುದುಕಿ ಮೊಮ್ಮಗಳ ಕಡೆ ತಿರುಗಿ ನೋಡಿದಳು. ಅವಳ ಮಗ ಚಿಕ್ಕವನಿದ್ದಾಗ ಅವನ ಕಿವಿ ಹಿಡಿದು ಶಾಲೆಗೆ ಎಳೆದೊಯ್ದವಳೂ ಇದೇ ವರ್ಲೀನ್. ಅವನು ನಾಲ್ಕಕ್ಷರ ಕಲಿತದ್ದು ಆ ಕಿವಿಯ ಪುಣ್ಯದಿಂದ ಎಂದು ಅರ್ನೆಸ್ಟೀನ್ ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

"ಎಷ್ಟು ಹೊತ್ತು?"

"ಹೆಸರು ಕೂಗೋವರೆಗೂ ಅಷ್ಟೇ. ಊಟದ ಹೊತ್ತಿಗೆ ನಾನೇ ತಂದು ಬಿಡ್ತೀನಿ."

"ಆಣೆ?"

"ನಮ್ಮಮ್ಮನ ಆಣೆ."

ಕೊನೆಯ ಗಂಟೆಯ ನಿಯಮವನ್ನು ಅವಳು ಮರೆತಿರಲಿಲ್ಲ. ಸತ್ತ ತಾಯಿಯ ಮೇಲೆ, ಅದೇ ಶಾಲೆಯ ನೆಲ ಒರೆಸಿ ಮಂಡಿ ಸವೆಸಿಕೊಂಡ ತಾಯಿಯ ಮೇಲೆ, ಕಣ್ಣು ಮಿಟುಕಿಸದೆ ಸುಳ್ಳು ಆಣೆ ಇಟ್ಟಳು. ಅಜ್ಜಿ ಮೊಮ್ಮಗಳಿಗೆ ಕೋಟು ತೊಡಿಸಿ ಜೇಬಿನಲ್ಲಿ ಇನ್ಹೇಲರ್ ಇಟ್ಟಳು.

ಶಾಲೆಯ ಬಾಗಿಲಲ್ಲೇ ಆ ಇನ್ಹೇಲರ್ ಹೋಯಿತು. ಮಕ್ಕಳು ಔಷಧಿ ಇಟ್ಟುಕೊಳ್ಳಕೂಡದು, ನರ್ಸಿನ ಪೆಟ್ಟಿಗೆಗೆ ಹಾಕಬೇಕು ಎಂಬುದು ಇನ್ನೊಂದು ನಿಯಮ. ಗೋಡೆಗೆ ಹೊಡೆದ ಕಬ್ಬಿಣದ ಪೆಟ್ಟಿಗೆ, ಮೇಲೊಂದು ಸೀಳು, ದೇವಸ್ಥಾನದ ಹುಂಡಿಯ ಹಾಗೆ. ಹಾಕಲು ಯಾರಾದರೂ ಹಾಕಬಹುದು, ತೆಗೆಯಲು ನರ್ಸೇ ಬರಬೇಕು. ನಾಲ್ಕು ಶಾಲೆಗೆ ಒಬ್ಬಳು ನರ್ಸು, ಟಾಲ್ಬರ್ಟಿಗೆ ಅವಳ ಪಾಳಿ ಮಂಗಳವಾರ ಮತ್ತು ಶುಕ್ರವಾರ. ಕಾರಿನ ನಿಯಮವನ್ನು ಮೂವತ್ತೊಂದು ವರ್ಷ ಕಾಲಕಸ ಮಾಡಿದ ವರ್ಲೀನ್ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಳು. ಎಣಿಕೆ ದಿನ ತಪಾಸಣೆಯವರು ಬಂದರೆ ಒಂದು ಕುಂದೂ ಸಿಗಬಾರದು ಎಂಬ ಎಚ್ಚರ. ಇನ್ಹೇಲರ್ ಸೀಳಿನೊಳಗೆ ಠಣ್ಣೆಂದು ಬಿತ್ತು.

ಮುನ್ನೂರು! ಲಾಕ್‌ರಿಜ್ ಅವಳನ್ನು ಅಪ್ಪಿಕೊಂಡ. ಬ್ಯಾಂಡಿನವರು ಬಾರಿಸಿದರು, ಸೈಕಲ್ಲು ಐದನೇ ತರಗತಿಯ ಹುಡುಗಿಗೆ ಹೋಯಿತು. ಹನ್ನೆರಡೂಕಾಲಿಗೆ ವರ್ಲೀನ್ ಕಿಯೋನಾಳ ತರಗತಿಯ ಬಾಗಿಲು ಸರಿಸಿ ನೋಡಿದಳು. ಹುಡುಗಿ ಮೇಜಿನ ಮೇಲೆ ತಲೆಯಿಟ್ಟಿದ್ದಳು. ಪಕ್ಕದಲ್ಲಿ ಪಿಜ್ಜಾ ಮುಟ್ಟದೆ ಹಾಗೇ ಇತ್ತು. ವರ್ಲೀನ್ ಗೋಡೆಯ ಗಡಿಯಾರ ನೋಡಿದಳು. ಇನ್ನು ಮೂರು ಗಂಟೆಯಷ್ಟೇ, ತಡೆದುಕೊಳ್ಳುತ್ತಾಳೆ, ಮಕ್ಕಳ ಜೀವ ಗಟ್ಟಿ ಎಂದುಕೊಂಡಳು. ಬಾಗಿಲು ಮುಚ್ಚಿದಳು.

ಒಂದು ಗಂಟೆಗೆ ಅರ್ನೆಸ್ಟೀನಳ ಫೋನು ಬಂತು. ಫೋನು ಎತ್ತಿದ ಗುಮಾಸ್ತೆ ಏನು ಹೇಳಲೆಂದು ವರ್ಲೀನಳ ಮುಖ ನೋಡಿದಳು.

"ಪಿಜ್ಜಾ ತಿಂತಿದ್ದಾಳೆ ಅನ್ನು. ಖುಷಿಯಾಗಿದ್ದಾಳೆ ಅನ್ನು."

ಎರಡೂವರೆಗೆ ತರಗತಿಯಿಂದ ಮೇಷ್ಟರ ಕೂಗು ಕೇಳಿಸಿತು. ವರ್ಲೀನ್ ಓಡಿಹೋಗಿ ನೋಡಿದರೆ ಹುಡುಗಿಯ ತುಟಿ ನೀಲಿಯಾಗಿತ್ತು. ಪೆಟ್ಟಿಗೆ! ಕಸ ಗುಡಿಸುವ ಮುದುಕ ಸುತ್ತಿಗೆ ತಂದು ಬಡಿದ. ಕಳ್ಳರಿಗೆ ಹೆದರಿ ಹಾಕಿಸಿದ್ದ ಪೆಟ್ಟಿಗೆ, ನಗ್ಗಿತೇ ಹೊರತು ತೆರೆಯಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದರೆ ನಲವತ್ತು ನಿಮಿಷ ಅಂದರು. ವರ್ಲೀನ್ ಮಗುವನ್ನು ಎತ್ತಿಕೊಂಡು ಬ್ಯೂಕಿನ ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡಳು. ಆಗ ಎರಡು ಗಂಟೆ ನಲವತ್ತು ನಿಮಿಷ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದು ದಾರಿಯುದ್ದಕ್ಕೂ ಕಿರುಚಿಕೊಂಡೇ ಓಡಿಸಿದಳು.

ಆಸ್ಪತ್ರೆಯ ಬಾಗಿಲಲ್ಲಿ ಮಗುವಿನ ಹೆಸರು ಹೇಳಿದಳು, ಅಜ್ಜಿಯ ಫೋನ್ ನಂಬರು ಬರೆಸಿದಳು. ತನ್ನ ಹೆಸರು ಹೇಳಲಿಲ್ಲ. ನಾಲ್ಕು ಗಂಟೆಗೆ ಮುಂಚೆ ಡಾಕ್ಟರು ಹೊರಗೆ ಬಂದು ಮಗು ಉಳಿಯಲಿಲ್ಲವೆಂದು ಅಡ್ಡಡ್ಡ ತಲೆಯಾಡಿಸಿದಾಗ ಅವಳು ಕಂಬದ ಹಿಂದೆ ನಿಂತಿದ್ದಳು. ಅರ್ನೆಸ್ಟೀನ್ ಬರುವ ಹೊತ್ತಿಗೆ ಅಲ್ಲಿರಲಿಲ್ಲ.

ಶುಕ್ರವಾರ ಲಾಕ್‌ರಿಜ್ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ. ಮೇಜಿನ ಮೇಲೆ ಹಾಜರಿ ಪ್ರಮಾಣಪತ್ರ.

"ಮನಸ್ಸಿಗೆ ತುಂಬಾ ನೋವಾಗಿದೆ, ಮಿಸ್ ಪ್ರುಯಿಟ್. ಎಲ್ಲರಿಗೂ."

"ವಿಷಯಕ್ಕೆ ಬನ್ನಿ."

"ಎರಡೂ ನಲವತ್ತಕ್ಕೆ ಹೊರಟ್ಲು ಅಂತ ಬರೆದ್ರೆ ಇನ್ನೂರ ತೊಂಬತ್ತೊಂಬತ್ತು."

"ಮೂರೂ ಹತ್ತು ಅಂತ ಬರೆದ್ರೆ?"

"ಮುನ್ನೂರು. ಮಗು ಕೊನೇ ಗಂಟೆವರೆಗೂ ಚೆನ್ನಾಗಿತ್ತು, ಬೇರೆ ಮಕ್ಕಳ ಜೊತೆ ನಡ್ಕೊಂಡು ಹೊರಗೆ ಹೋಯ್ತು. ಆಮೇಲೆ ಆಗಿದ್ದು ಶಾಲೆಗೆ ಸಂಬಂಧಪಡಲ್ಲ. ನಿಮ್ಮ ಕಾರೂ ಇಲ್ಲ, ಪೆಟ್ಟಿಗೇನೂ ಇಲ್ಲ." ಅವನು ಪೆನ್ನು ಮುಂದಕ್ಕೆ ತಳ್ಳಿದ. "ಮೇಷ್ಟ್ರು ಸಹಿ ಮಾಡಿದಾರೆ. ಹೋದ ಮಗು ಹೇಗೂ ವಾಪಸ್ ಬರಲ್ಲ. ಇರೋ ಇನ್ನೂರ ತೊಂಬತ್ತೊಂಬತ್ತು ಮಕ್ಕಳನ್ನ ನೋಡಿ."

ಇಂಥ ಮಾತಿನಲ್ಲಿ ಅರ್ಧ ನಿಜವಿರುತ್ತದೆ, ಅದೇ ಅದರ ವಿಷ. ವರ್ಲೀನ್ ಸಹಿ ಮಾಡಿದಳು. ಕೈ ನಡುಗಲಿಲ್ಲ. ನಡುಗಿತೆಂದು ಬರೆದಿದ್ದರೆ ಓದುವವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ, ಆದರೆ ನಡುಗಲಿಲ್ಲ. ದೊಡ್ಡ ಕಚೇರಿಯವರು ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ, ಕಾಗದ ನೋಡಿ ಸರಿಯೆಂದರು. ಟಾಲ್ಬರ್ಟ್ ಉಳಿಯಿತು. ವರ್ಲೀನಳ ಹೆಸರಿಗೆ ಚೌಕಟ್ಟು ಹಾಕಿದ ಮೆಚ್ಚುಗೆ ಪತ್ರವೂ ಬಂತು.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಅರ್ನೆಸ್ಟೀನ್ ಬಂದಳು. ಕಚೇರಿಯ ಕಟ್ಟೆಯ ಆಚೆ ನಿಂತು ಕೈಚೀಲದಿಂದ ಶಾಲೆಯವರು ಕಳಿಸಿದ್ದ ಕಾಗದ ತೆಗೆದಳು. ಲಾಕ್‌ರಿಜ್‌ನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ನಾನು ಜಗಳಕ್ಕೆ ಬಂದಿಲ್ಲ, ಮಿಸ್ ವರ್ಲೀನ್. ಮೂರೂ ಹತ್ತರವರೆಗೂ ಚೆನ್ನಾಗಿದ್ಲು ಅಂತ ಇದ್ರಲ್ಲಿದೆ. ಆಗ್ಲಿ. ಊಟಕ್ಕೆ ತಂದು ಬಿಡ್ತೀನಿ ಅಂದಿದ್ರಿ. ಅದನ್ನೂ ಕೇಳಲ್ಲ."

ವರ್ಲೀನ್ ಹಾಜರಿ ಪುಸ್ತಕದ ಹಾಳೆ ಮಗುಚಿದಳು.

"ಆಸ್ಪತ್ರೆ ನರ್ಸ್ ಹೇಳಿದ್ಲು. ಯಾರೋ ದಪ್ಪಗಿನ ಹೆಂಗಸು ಎತ್ಕೊಂಡು ಓಡಿ ಬಂದ್ಲಂತೆ. ಅಲ್ಲಿವರೆಗೂ ಮಗೂಗೆ ಮಾತಿತ್ತಂತೆ." ಮುದುಕಿ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿದಳು. "ದಾರೀಲಿ ಏನಾದ್ರೂ ಅಂದ್ಲಾ? ಅಷ್ಟು ಹೇಳಿ ಸಾಕು. ಕಾಗದ, ಶಾಲೆ, ಎಲ್ಲ ನೀವೇ ಇಟ್ಕೊಳ್ಳಿ."

ಅಂದಿದ್ದಳು. ಹೆದ್ದಾರಿಯ ಪಕ್ಕದ ಕೆಂಪು ದೀಪದಲ್ಲಿ ಕಾರು ನಿಂತಾಗ ಹುಡುಗಿ ಕಣ್ಣು ಬಿಟ್ಟು, ಒಂದೊಂದೇ ಮಾತನ್ನು ಎಳೆದು, "ಮಿಸ್ ವರ್ಲೀನ್, ನನ್ನ ಎಣಿಸಿ ಆಯ್ತಾ?" ಎಂದು ಕೇಳಿದ್ದಳು. ಆಯ್ತು ಮಗಾ ಅಂದಾಗ, "ಹಂಗಾದ್ರೆ ಅಜ್ಜಿ ಹತ್ರ ಬಿಟ್ಬಿಡಿ," ಅಂದಿದ್ದಳು.

ವರ್ಲೀನ್ ಅರ್ಧ ತೆರೆದ ಬಾಗಿಲಿನ ಕಡೆ ನೋಡಿದಳು. ಆಚೆ ಮೂರನೇ ತರಗತಿಯ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು.

"ಆ ಹೆಂಗಸು ಯಾರೋ ನಂಗೊತ್ತಿಲ್ಲ, ಮಿಸ್ ಅರ್ನೆಸ್ಟೀನ್. ಮೂರೂ ಹತ್ತರವರೆಗೂ ಮಗು ಇಲ್ಲೇ ಇತ್ತು."

ಅರ್ನೆಸ್ಟೀನ್ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಹಂಗಾದ್ರೆ ನನ್ನ ಮಗು ಗುರುತು ಪರಿಚಯ ಇಲ್ಲದೋಳ ಕೈಯಲ್ಲಿ ಹೋಯ್ತು," ಎಂದಳು.