ನೈರಿಯ ಉಳಿದ ಓವರುಗಳು

ಆ ಬೇಸಿಗೆಯ ಹೆಂಗಸರ ಒಂದು ದಿನದ ಕ್ರಿಕೆಟ್ ಪಂದ್ಯಾವಳಿಗೆ ಪತ್ರಿಕೆಗಳಲ್ಲಿ ಸಿಕ್ಕಿದ್ದು ಕುದುರೆ ರೇಸಿನ ಸುದ್ದಿಯ ಕೆಳಗೆ ಎರಡು ಸಾಲು. ಅದರಲ್ಲಿ ನೈರಿ ಪಾಯೆವಾಯಿಯ ಹೆಸರು ಒಮ್ಮೆಯೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೇಪಿಯರ್ ಪಟ್ಟಣದ ಆಚೆಯ ಕುರಿದೊಡ್ಡಿಗಳಲ್ಲಿ ಉಣ್ಣೆ ವಿಂಗಡಿಸುವ ನೈರಿ ನಮ್ಮ ಪ್ರಾಂತ್ಯದ ವೇಗದ ಬೌಲರ್. ಆ ವರ್ಷ ಅವಳಿಗೆ ಇನ್ನೂ ಮೊಲೆ ಬಿಡದ ಮಗ ಟಾಮಾ ಇದ್ದ. ಗಂಡನ ಚಿಕ್ಕಮ್ಮ ಹುಯಿಯಾ ಮಗುವನ್ನೆತ್ತಿಕೊಂಡು ತಂಡದ ಬಸ್ಸಿನ ಹಿಂದಿನ ಸೀಟಿನಲ್ಲಿ ಊರೂರು ಸುತ್ತಿದಳು.

ಮಗು ಅತ್ತರೆ ನೈರಿ ಮೈದಾನ ಬಿಟ್ಟು ಓಡಬೇಕು. ಆಟ ನಡೆಯುವಾಗ ಎಷ್ಟು ಹೊತ್ತು ಹೊರಗಿದ್ದಳೋ, ಮರಳಿದ ಮೇಲೆ ಅಷ್ಟು ಹೊತ್ತು ಬೌಲ್ ಮಾಡುವಂತಿಲ್ಲ ಎನ್ನುತ್ತದೆ ನಿಯಮ. ಅದನ್ನು ಬರೆದ ಮಹಾಶಯರಲ್ಲಿ ಯಾರ ಎದೆಯೂ ಹಾಲು ಕಟ್ಟಿ ನೊಂದಿರಲಿಕ್ಕಿಲ್ಲ. ಕೊನೆಯ ಓವರುಗಳಲ್ಲಿ ನೈರಿ ಬರಿಗೈಯಲ್ಲಿ ನಿಂತು ನೋಡುತ್ತಿದ್ದಂತೆಯೇ ನಾವು ಪಂದ್ಯಗಳನ್ನು ಸೋತೆವು.

ಕೊನೆಯ ಪಂದ್ಯದ ಬೆಳಿಗ್ಗೆ ಮ್ಯಾನೇಜರ್ ಲೊರೇನ್ ಹೇಳಿದಳು: "ನೋಡೇ, ಇವತ್ತೂ ನಿನ್ ಓವರ್ ಉಳಿದ್ರೆ ಮುಂದಿನ್ ವರ್ಷ ನಿನ್ ಹೆಸರಿಲ್ಲ. ಬಾಟ್ಲಿ ಹಾಲು ಅಂತ ಒಂದಿದೆ, ಗೊತ್ತಾ?"

"ನೀನೇ ಕುಡಿಸ್ ನೋಡು, ಮುಖಕ್ಕೇ ಉಗೀತಾನೆ," ಎಂದಳು ಹುಯಿಯಾ.

ಎದುರಾಳಿಗಳು ಗುರಿಯ ಬೆನ್ನು ಹತ್ತಿದ್ದರು. ಅವರ ಗ್ಲೆನಿಸ್ ಏಟ್ಕಿನ್ ಬೇರುಬಿಟ್ಟು ಆಡುತ್ತಿದ್ದಳು. ಪಾನೀಯದ ವಿರಾಮಕ್ಕೆ ಸರಿಯಾಗಿ ಟಾಮಾ ಶುರುಮಾಡಿದ. ನೈರಿ ಬೇಲಿಯತ್ತ ಓಡಿದಳು. ವಿರಾಮ ಆಟದ ಹೊತ್ತಿಗೆ ಸೇರದು, ನಿಜ. ಆದರೆ ಅದು ಒಂದು ಲೋಟ ಖಾಲಿ ಮಾಡುವಷ್ಟೇ. ಮಗುವಿನ ಹೊಟ್ಟೆಗೆ ಸಾಲದು.

ನೈರಿಯ ಉಳಿದ ಓವರುಗಳಿಗೆ ಎಲ್ಲರಿಗಿಂತ ಹೆಚ್ಚು ಅಂಜಬೇಕಾದವಳು ಗ್ಲೆನಿಸ್. ವಿರಾಮ ಮುಗಿಯುವ ಹೊತ್ತಿಗೆ ಅವಳೇ ನೆಲದ ಮೇಲೆ ಕುಳಿತು ಕಾಲಿನ ಪ್ಯಾಡ್ ಬಿಚ್ಚತೊಡಗಿದಳು.

"ಏನಮ್ಮಾ ಅದು?" ಎಂದ ಅಂಪೈರ್.

"ಬಕಲ್ ಕಿತ್ತೋಗಿದೆ ಸಾರ್. ಎಡವಿ ಬಿದ್ರೆ ನೀವ್ ಹೊತ್ಕೊಂಡ್ ಹೋಗ್ತೀರಾ?"

ಅಂಪೈರ್ ಬಗ್ಗಿ ನೋಡಿದ. ಬಕಲ್ ಗಟ್ಟಿಯಾಗಿಯೇ ಇತ್ತು. ಬೇಲಿಯತ್ತ ನೋಡಿದ. ಆಮೇಲೆ ಕನ್ನಡಕ ತೆಗೆದು ನಿಧಾನವಾಗಿ ಒರೆಸತೊಡಗಿದ.

ಗ್ಲೆನಿಸ್ ಇನ್ನೊಂದು ಪ್ಯಾಡಿಗೂ ಕೈಹಾಕಿದಳು.

"ಹಾಸಿಗೆ ತರ್ಲೇನೇ, ಮಲಗ್ತೀಯಾ?" ಎಂದು ಜೊತೆಯ ಆಟಗಾರ್ತಿ ಸಿಡುಕಿದಳು.

"ತಗೊಂಬಾ. ಎರಡು ಹೆತ್ತೋಳು ನಾನು. ಎಷ್ಟೊತ್ತು ಹಿಡಿಯತ್ತೆ ಅಂತ ನಂಗೊತ್ತು."

ನೈರಿ ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು ಮರಳಿದಾಗ ಗ್ಲೆನಿಸ್ ಎದ್ದು ನಿಂತಳು. ಆಟ ಶುರುವಾಯಿತು. ನೈರಿಯ ಕೈಗೆ ಚೆಂಡು ಬಂತು. ಸ್ವಲ್ಪ ಹೊತ್ತಿಗೆಲ್ಲ ಗ್ಲೆನಿಸಳ ನಡುವಿನ ಗೂಟ ಹಾರಿ ಬಿತ್ತು.

ಹೊರಗೆ ಹೋಗುತ್ತ ಅವಳು ನೈರಿಯ ಪಕ್ಕ ನಿಂತಳು. "ಹೊಟ್ಟೆ ತುಂಬ್ತಾ ಮಗರಾಯಂಗೆ?"

"ನಿದ್ದೆ ಹೋದ."

"ಸರಿ ಬಿಡು, ಒಬ್ಬನಾದ್ರೂ ಖುಷಿಯಾಗಿದಾನಲ್ಲ."

ನೈರಿ ಓವರುಗಳನ್ನೆಲ್ಲ ಮುಗಿಸಿದಳು. ನಾವು ಗೆದ್ದೆವು. ನಿಯಮ ಮಾತ್ರ ಹಾಗೆಯೇ ಉಳಿಯಿತು. ಒಬ್ಬ ತಾಯಿ ಆಡಬೇಕಾದರೆ ಇನ್ನೊಬ್ಬ ತಾಯಿ ಸುಳ್ಳು ಹೇಳಬೇಕು; ನಾಚಬೇಕಾದವರು ಅವರಿಬ್ಬರಲ್ಲ.

ಸಂಜೆ ಲೊರೇನ್ ಬಸ್ಸಿನ ಹಿಂದಿನ ಸೀಟಿನವರೆಗೂ ಬಂದು, "ಮುಂದಿನ್ ವರ್ಷಕ್ಕೆ ಇರ್ತೀಯಲ್ಲ?" ಎಂದಳು. ಮಲಗಿದ್ದ ಟಾಮಾನನ್ನು ನೋಡಿ ದನಿ ತಗ್ಗಿಸಿ ಕೇಳಿದಳು: "ಹಲ್ಲು ಬಂದ್ಮೇಲೂ ಇವ್ನು ಬಿಡ್ಲಿಲ್ಲ ಅಂದ್ರೆ?"

"ಕಚ್ಚೋದು ನಂಗೆ ತಾನೇ," ಎಂದಳು ನೈರಿ.